ಮಂಗಳೂರು–ಬೆಂಗಳೂರು ವಿಮಾನ: ಕುಂಬಳೆಯಿಂದ ಎಣಿಸಿದ ಹೊತ್ತು

76 ವರ್ಷದ ಅಮ್ಮನನ್ನು ಬೆಂಗಳೂರಿನ ಜಯನಗರದಲ್ಲಿರುವ ತಂಗಿಯ ಮನೆಗೆ ಕರೆದೊಯ್ಯಲು ಈ ಬಾರಿ ರಾತ್ರಿ ರೈಲನ್ನು ಬಿಟ್ಟು ವಿಮಾನವನ್ನು ಆರಿಸಿಕೊಂಡೆವು. 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣ ನಮ್ಮದೇ ರಾಜ್ಯವಾದ ಕೇರಳದಲ್ಲಿದ್ದರೂ ಅದಿರುವ ಮಟ್ಟನ್ನೂರು ಕಾಸರಗೋಡು ಜಿಲ್ಲೆಯ ನಮ್ಮೂರು ಕುಂಬಳೆಯಿಂದ 100 ಕಿ.ಮೀ.ಗಿಂತಲೂ ದೂರ. ತಲಪಾಡಿ ಗಡಿ ದಾಟಿದರೆ ಸಿಗುವ ಮಂಗಳೂರಿನ ಕೆಂಜಾರು ನಿಲ್ದಾಣಕ್ಕೆ ಸುಮಾರು 50 ಕಿ.ಮೀ. ಸಾಕು.

ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ.; ಆಕಾಶಮಾರ್ಗದಲ್ಲಿ 300ರ ಆಸುಪಾಸು. ಟಿಕೆಟಿನಲ್ಲಿ 1 ಗಂಟೆ 10 ನಿಮಿಷವೆಂದಿತ್ತು. ಇದು ವಿಮಾನ ತಾನು ನಿಂತ ಜಾಗದಿಂದ ಕದಲಿದಲ್ಲಿಂದ ಮುಂದಿನ ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನ ಲೆಕ್ಕ; ನನ್ನ ಗಡಿಯಾರದ ಪ್ರಕಾರ ನಾವು ಆಕಾಶದಲ್ಲಿದ್ದುದು 48 ನಿಮಿಷ ಮಾತ್ರ. ನಮ್ಮದು ಎಟಿಆರ್ ಎಂಬ ಪ್ರೊಪೆಲ್ಲರಿನ ಸಣ್ಣ ವಿಮಾನ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಮೀರಿದರೆ ಇದರ ವೇಗ 500ರ ಹತ್ತಿರ. ಆದರೂ ಇಷ್ಟು ಸಣ್ಣ ದಾರಿಯಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಬಹುಪಾಲು ಸಮಯ ಹೋಗುವುದರಿಂದ ಅಂತರ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚಾಗದು. ಎಟಿಆರ್‌ನ ಬಾಗಿಲು ಹಿಂಬದಿಯಲ್ಲಿ, ನೆಲಕ್ಕೆ ಹತ್ತಿರದಲ್ಲಿದೆ. ಮಂಗಳೂರಿನಲ್ಲಿ ವೀಲ್‌ಚೇರ್ ತಳ್ಳಿಕೊಂಡು ಬಂದ ಹುಡುಗ "ಅಮ್ಮಾ, ಮೆಲ್ಲ" ಎಂದು ತುಳುವಿನಲ್ಲೇ ಮಾತನಾಡಿಸುತ್ತಾ ಆಕೆಯ ಮೊಣಕೈಗೆ ಕೈಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿಸಿದ. ಆ ಒಂದು ಉಪಕಾರಕ್ಕೆ ನಾನು ಋಣಿ.

ಬೆಂಗಳೂರಿನಲ್ಲಿ ಅಂಥ ಅನುಭವವಾಗಲಿಲ್ಲ. ಟಿಕೆಟಿನ ಜೊತೆಗೇ ವೀಲ್‌ಚೇರ್ ಕೇಳಿದ್ದರೂ ವಿಮಾನ ಸಂಸ್ಥೆಯವರು ಅದನ್ನು ತರುವ ಹೊತ್ತಿಗೆ ಉಳಿದ ಪ್ರಯಾಣಿಕರೆಲ್ಲ ಹೋಗಿ 25 ನಿಮಿಷ ಕಳೆದಿತ್ತು. ಖಾಲಿ ವಿಮಾನದಲ್ಲಿ ಅಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾದು ಕುಳಿತಿದ್ದರು. ವೃದ್ಧರ ವಿಷಯದಲ್ಲಿ ಈ ಅಲಕ್ಷ್ಯ ಸಲ್ಲದು. ಅಲ್ಲಿಂದ ದೇವನಹಳ್ಳಿಯ ದಾರಿ ಹಿಡಿದು, ನಗರವನ್ನು ಉದ್ದಕ್ಕೂ ದಾಟಿ ಜಯನಗರ ಸೇರಲು ಒಂದೂವರೆ ಗಂಟೆ ಬೇಕಾಯಿತು. ಬೆಳಗ್ಗೆ 6ಕ್ಕೆ ಮನೆ ಬಿಟ್ಟ ನಾವು ತಂಗಿಯ ಮನೆಯ ಬಾಗಿಲು ತಟ್ಟಿದ್ದು 12:50ಕ್ಕೆ.

ಕಾಸರಗೋಡಿನಿಂದ ರಾತ್ರಿ ರೈಲಿಗೆ ಸುಮಾರು 12 ಗಂಟೆ. ಗಟ್ಟಿಮುಟ್ಟಾಗಿರುವವರು ಮಲಗಿ ಏಳುವಷ್ಟರಲ್ಲಿ ಬೆಂಗಳೂರು ಬರುವುದರಿಂದ ಅವರಿಗೆ ನಾನು ಇಂದಿಗೂ ರೈಲನ್ನೇ ಹೇಳುತ್ತೇನೆ. ಹಗಲೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಆದರೆ ಸಕಲೇಶಪುರ ಘಟ್ಟದ ತಿರುವುಗಳಲ್ಲಿ ಓಲಾಡುವ ಬೋಗಿಯಲ್ಲಿ ನಡುರಾತ್ರಿ ಎರಡು ಸಲ ಶೌಚಾಲಯಕ್ಕೆ ನಡೆದು ಹೋಗಬೇಕಾದ ಅಮ್ಮನಿಗೆ ಆ 12 ಗಂಟೆ ಬೇರೆಯದೇ. ಕಳೆದ ಸಲ ರೈಲಿನಿಂದ ಇಳಿದಾಗ ಊದಿಕೊಂಡಿದ್ದ ಅವರ ಪಾದಗಳು ಈ ಸಲ ಚಪ್ಪಲಿಯಲ್ಲಿ ಸಲೀಸಾಗಿ ಕೂತಿದ್ದವು.

ಮರಳುವಾಗ ಕೆಂಜಾರಿನ ಗುಡ್ಡದ ಮೇಲಿನ 2,450 ಮೀಟರಿನ ರನ್‌ವೇಗೆ ವಿಮಾನ ಇಳಿಯತೊಡಗಿದಂತೆ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. 2010ರ ಮೇ 22ರಂದು ಅಲ್ಲಿ ವಿಮಾನ ದುರಂತದಲ್ಲಿ ತೀರಿಹೋದ 158 ಮಂದಿಯಲ್ಲಿ ನಮ್ಮ ಜಿಲ್ಲೆಯವರೂ ಅನೇಕರಿದ್ದರು; ಅದನ್ನು ಇಲ್ಲಿನವರು ಮರೆತಿಲ್ಲ. ಚಕ್ರಗಳು ನೆಲ ಮುಟ್ಟಿ ವೇಗ ಇಳಿದ ಮೇಲೆಯೇ ಅವರು ಕೈ ಸಡಿಲಿಸಿ, ಮನೆಗೆ ಫೋನ್ ಮಾಡು ಎಂದರು.