ಹಸಿರು ಮುಚ್ಚಳದ ಅಂಟು: 7 ವರ್ಷ, 19 ಕಾರು

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಒಂದು ಕೆಂಪು ಮಿನಿ ಕೂಪರ್ ಇದೆ. ಟಾಪ್ ಬಿಳಿ. ನಿಜವಾದ ಕಾರಿನ 24ರಲ್ಲಿ ಒಂದು ಪಾಲು, ಅಂದರೆ ಉದ್ದ 13 ಸೆಂಟಿಮೀಟರೂ ಇಲ್ಲ. 2018ರ ಬೇಸಿಗೆಯಲ್ಲಿ ಕಟ್ಟಿದ್ದು, ನನ್ನ ಮೊದಲ ಕಾರು. ಕಳೆದ ವಾರ ಧೂಳು ಒರೆಸುವಾಗ ಅದನ್ನು ಮಗುಚಿ ಹಿಡಿದು, ಸೈಲೆನ್ಸರ್ ಪೈಪನ್ನು ಬೆರಳ ತುದಿಯಿಂದ ಮೆಲ್ಲಗೆ ಅಲುಗಿಸಿ ನೋಡಿದೆ. ಕದಲಲಿಲ್ಲ. ಏಳು ಮಳೆಗಾಲ ಕಂಡಿದೆ ಅದು, ಅದೂ ಶಿವಮೊಗ್ಗದ ಮಳೆಗಾಲ. ನಡುವೆ ಎರಡು ಸಲ ಮನೆ ಬದಲಾಯಿಸಿದ್ದೇವೆ. ಒಂದು ತುಂಡೂ ಕಿತ್ತು ಬಂದಿಲ್ಲ.

ಬಿಡಿ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಕಟ್ಟುವ ಇಂಥ ಮಾದರಿ ಕಾರಿನ ಕಿಟ್‌ಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆ ಕಾರನ್ನು ಇಷ್ಟು ವರ್ಷ ಹಿಡಿದಿಟ್ಟಿರುವ ಅಂಟಿನ ಬಗ್ಗೆ ಬರೆಯೋಣ ಅನ್ನಿಸಿತು.

ಹೆಸರು ತಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್. 40 ಮಿಲಿಲೀಟರಿನ ಚೌಕ ಗಾಜಿನ ಬಾಟಲಿ, ಹಸಿರು ಮುಚ್ಚಳ, ಮುಚ್ಚಳದ ಒಳಗೇ ಕೂರಿಸಿದ ಸಣ್ಣ ಬ್ರಷ್. ತಮಿಯಾ ಜಪಾನಿನ ಶಿಜುವೊಕಾ ಊರಿನ ಕಂಪನಿ. 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾಯಿತು. ಆಮೇಲೆ ಮರದ ಮಾದರಿಗಳು, 1960ರಲ್ಲಿ ಪ್ಲಾಸ್ಟಿಕ್ ಮಾದರಿಗಳು ಬಂದವು. ಡಬ್ಬದ ಮೇಲೆ ಕೆಂಪು, ನೀಲಿ ಎರಡು ನಕ್ಷತ್ರ ಕಂಡರೆ ಅದು ಇವರದ್ದೇ. ನಾನು ಈಗ ಬಳಸುತ್ತಿರುವುದು ನಾಲ್ಕನೇ ಬಾಟಲಿ. ಅಷ್ಟರಲ್ಲಿ 19 ಕಾರು ಆಗಿವೆ.

ಮೊದಲು ಒಂದು ವಿಷಯ ಹೇಳಬೇಕು. ಇದನ್ನು ಅಂಟು ಅಂತ ಕರೆಯುತ್ತೇವೆ, ಆದರೆ ಮಾಡುವ ಕೆಲಸ ಬೆಸುಗೆಯದ್ದು. ಫೆವಿಕಾಲ್ ಎರಡು ಹಲಗೆಯ ನಡುವೆ ಒಂದು ಪದರವಾಗಿ ಕೂರುತ್ತದೆ, ಅಲ್ವಾ? ಇದು ಹಾಗಲ್ಲ. ಇದರಲ್ಲಿ ಇರುವುದು ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್. ಎರಡೂ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಕಿಟ್‌ನ ಹೆಚ್ಚಿನ ತುಂಡುಗಳು ಆ ಪ್ಲಾಸ್ಟಿಕ್ಕಿನವೇ. ಎರಡು ತುಂಡಿನ ಅಂಚು ಮೆತ್ತಗಾಗಿ ಒಂದರೊಳಗೊಂದು ಬೆರೆಯುತ್ತದೆ. ದ್ರವ ಆರಿಹೋಗುತ್ತದೆ. ಉಳಿಯುವುದು ಬರೀ ಪ್ಲಾಸ್ಟಿಕ್. ಎರಡಿದ್ದದ್ದು ಒಂದಾಗಿರುತ್ತದೆ.

ಬಳಸುವ ರೀತಿಯೂ ಬೇರೆಯೇ. ನಾನು ಮೊದಲ ದಿನ ಮಾಡಿದ್ದು ತಪ್ಪು: ತುಂಡಿಗೆ ಬಳಿದು, ಆಮೇಲೆ ಜೋಡಿಸಲು ಹೋದೆ. ಅಷ್ಟು ಹೊತ್ತಿಗೆ ಅರ್ಧ ಆರಿಯೇ ಹೋಗಿತ್ತು. ಸರಿಯಾದ ದಾರಿ ಏನೆಂದರೆ, ಅಂಟಿಲ್ಲದೆ ಎರಡನ್ನೂ ಸೇರಿಸಿ ಹಿಡಿಯಬೇಕು. ಬ್ರಷ್ಷನ್ನು ಬಾಟಲಿಯ ಕತ್ತಿಗೆ ಒರೆಸಿ, ಅದರ ತುದಿಯನ್ನು ಸಂದಿಗೆ ಸುಮ್ನೆ ತಾಗಿಸಬೇಕು. ದ್ರವ ತಾನೇ ಓಡುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಸಂದಿನ ಉದ್ದಕ್ಕೂ ಹರಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ಏಳು ವರ್ಷವಾದರೂ ಅದನ್ನು ನೋಡುವುದು ನನಗೆ ಬೇಜಾರಾಗಿಲ್ಲ. ಒಂದೇ ಎಚ್ಚರಿಕೆ: ಬೆರಳು ಸಂದಿನ ಮೇಲೆ ಇರಬಾರದು. ಇದ್ದರೆ ದ್ರವ ಬೆರಳ ಕೆಳಗೂ ಓಡುತ್ತದೆ, ಬೆರಳಚ್ಚು ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿ ಉಳಿಯುತ್ತದೆ. ನನ್ನ ಎರಡನೇ ಕಾರಿನ ಚಾಸಿಸ್‌ನಲ್ಲಿ ನನ್ನ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ.

ಒಂದೆರಡು ನಿಮಿಷದಲ್ಲಿ ಹಿಡಿಯುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಈ ಒಂದು ದಿನದ ವಿಷಯಕ್ಕೆ ಆಮೇಲೆ ಬರುತ್ತೇನೆ. ದುಡುಕಿ ಕಲಿತ ಪಾಠ ಅದು.

ಮಿನಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಅಚ್ಚಿನ ಎರಡು ಭಾಗ ಸೇರುವ ಕಡೆ ಬಾಡಿಯ ಮೇಲೆ ಸಣ್ಣ ಗೆರೆ ಮೂಡಿರುತ್ತದೆ. ಪೇಂಟ್‌ಗೆ ಮೊದಲು ಅದನ್ನು ಬ್ಲೇಡಿನಿಂದ ಹೆರೆದು, ವಾಟರ್ ಪೇಪರ್ ಹಾಕಿ ಉಜ್ಜಬೇಕು. ಆದರೆ ಮಿನಿಯ ಮೈಮೇಲೆ ನಿಜವಾಗಿಯೂ ಇರಬೇಕಾದ ಏಣುಗಳಿವೆ. ಆಲೆಕ್ ಇಸಿಗೊನಿಸ್ ರೂಪಿಸಿ 1959ರಲ್ಲಿ ರಸ್ತೆಗೆ ಬಂದ ಆ ಕಾರಿನಲ್ಲಿ ತಗಡಿನ ಬೆಸುಗೆಯ ಅಂಚುಗಳನ್ನು ಹೊರಗಡೆಗೇ ಬಿಟ್ಟಿದ್ದರು. ಮುಂದಿನ ಗಾಜಿನ ಪಕ್ಕದಿಂದ ಕೆಳಗಿಳಿಯುವ ಆ ಏಣು ಕಾಣುತ್ತದಲ್ಲ, ಅದೇ. ಗೊತ್ತಿಲ್ಲದೆ ಅದನ್ನೂ ಉಜ್ಜಿ ಹಾಕಿದರೆ ಮಿನಿ ಮಿನಿಯಾಗಿ ಉಳಿಯುವುದಿಲ್ಲ. ಕಿಟ್ ಕಟ್ಟುವ ಮೊದಲು ನಿಜವಾದ ಕಾರಿನ ಫೋಟೋಗಳನ್ನು ಒಂದು ಗಂಟೆ ನೋಡಿ. ಅದು ವ್ಯರ್ಥವಲ್ಲ.

ಈ ಸಿಮೆಂಟ್ ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ಕಾರಿನ ಕಿಟ್‌ನಲ್ಲಿ ಅಂಥ ಜಾಗ ಜಾಸ್ತಿ. ಬಂಪರ್, ಗ್ರಿಲ್, ವ್ಹೀಲ್ ಕ್ಯಾಪ್ ಇವಕ್ಕೆ ಕ್ರೋಮ್ ಲೇಪ ಇರುತ್ತದೆ. ಲೇಪದ ಮೇಲೆ ಸಿಮೆಂಟ್ ಹಾಕಿದರೆ ಪ್ಲಾಸ್ಟಿಕ್ ಬೆಸೆಯುವುದೇ ಇಲ್ಲ. ಅಂಟಿಸುವ ಜಾಗದಲ್ಲಿ ಮಾತ್ರ ಬ್ಲೇಡಿನಿಂದ ಲೇಪ ಕೆರೆದು ತೆಗೆಯಬೇಕು. ಪೇಂಟ್ ಮಾಡಿದ ಜಾಗಕ್ಕೂ ಅದೇ ಮಾತು, ಇಲ್ಲದಿದ್ದರೆ ಪೇಂಟ್ ಕರಗಿ ರಾಡಿಯಾಗುತ್ತದೆ. ಚಕ್ರ ತಿರುಗಲೆಂದು ಒಳಗೆ ಹಾಕುವ ಮೆತ್ತನೆಯ ಪಾಲಿಥೀನ್ ಬುಷ್‌ಗಳಿಗೆ ಇದು ಹಿಡಿಯುವುದೇ ಇಲ್ಲ. ಇದು ಒಳ್ಳೆಯದೇ, ಆಕ್ಸಲ್ ಜಾಮ್ ಆಗುವ ಭಯ ಕಡಿಮೆ. ಲೋಹದ ತುಂಡಿಗೆ, ರೆಸಿನ್ ತುಂಡಿಗೆ ಬೇರೆ ಅಂಟು ಬೇಕು.

ಇನ್ನು ಗಾಜು. ಕಿಟಕಿ, ಹೆಡ್‌ಲೈಟ್ ಇವು ಪಾರದರ್ಶಕ ಪ್ಲಾಸ್ಟಿಕ್. ಸಿಮೆಂಟ್ ಒಂದು ಹನಿ ಜಾಸ್ತಿಯಾದರೂ ಗೆರೆಗೆರೆಯಾಗಿ ಬಿರುಕು ಮೂಡುತ್ತದೆ. ನನ್ನ ಐದನೇ ಕಾರು ಫಿಯಟ್ 500. ನಮ್ಮ ತಂದೆ ಪ್ರೀಮಿಯರ್ ಪದ್ಮಿನಿ ಓಡಿಸಿದವರು, ಅದು ಫಿಯಟ್ 1100ರ ಭಾರತದ ರೂಪ. ಆ ನೆನಪಿಗೆ ಅದರ ಪುಟ್ಟ ತಮ್ಮನನ್ನು ಕಟ್ಟೋಣ ಅಂತ ತರಿಸಿದ್ದೆ. ಸಿಮೆಂಟ್ ಬೇಡ ಅಂತ ಯೋಚಿಸಿ ಗಾಜಿಗೆ ಸೂಪರ್ ಗ್ಲೂ ಹಾಕಿದೆ. ರಾತ್ರಿ ಮಳೆ, ಕಿಟಕಿ ಮುಚ್ಚಿತ್ತು. ಬೆಳಿಗ್ಗೆ ನೋಡಿದರೆ ಗಾಜೆಲ್ಲ ಬೂದಿ ಮೆತ್ತಿದ ಹಾಗೆ ಬೆಳ್ಳಗಾಗಿತ್ತು. ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವದಿಂದ, ಅದರ ಆವಿ ಗಾಜಿನ ಮೇಲೆ ಕೂತು ಹಾಗಾಗುತ್ತದೆ. ಅವತ್ತು ಅಪ್ಪನಿಗೆ ತೋರಿಸಬೇಕು ಅಂದುಕೊಂಡಿದ್ದೆ, ತೋರಿಸಲಿಲ್ಲ. ಆಮೇಲೆ 2000 ನಂಬರ್ ಪೇಪರ್, ಪಾಲಿಶ್ ಎಲ್ಲ ಹಾಕಿ ಉಜ್ಜಿ ಸರಿಮಾಡಿ ಎರಡು ವಾರ ಬಿಟ್ಟು ತೋರಿಸಿದೆ. ಈಗ ಗಾಜಿಗೆ ನಾನು ಬಳಸುವುದು ಬರೀ ಬಿಳಿ ಫೆವಿಕಾಲ್. ಕಡ್ಡಿಯ ತುದಿಯಲ್ಲಿ ಚೂರು. ಆರಿದ ಮೇಲೆ ಕಾಣುವುದೇ ಇಲ್ಲ, ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಮಿನಿಯ ಮುಂದಿನ ದೀಪಗಳನ್ನೂ ಆಮೇಲೆ ಬಿಡಿಸಿ ಹೀಗೇ ಮತ್ತೆ ಕೂರಿಸಿದೆ. ರ್‍ಯಾಲಿ ಮಿನಿಯಲ್ಲಿ ದೀಪವೇ ಮುಖ. 1966ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಮೊದಲ ಮೂರು ಸ್ಥಾನಕ್ಕೆ ಬಂದ ಮೂರೂ ಮಿನಿಗಳನ್ನು ದೀಪದ ನಿಯಮದ ಮೇಲೆಯೇ ಹೊರಗೆ ಹಾಕಿದ್ದರು. ಮರುವರ್ಷ ರೌನೊ ಆಲ್ಟೊನೆನ್ ಮಿನಿಯಲ್ಲೇ ಬಂದು ಗೆದ್ದರು. ಅಂಥ ಕಾರಿನ ದೀಪ ಮಸುಕಾಗಿರಬಾರದು.

ಈಗ ಆ ಒಂದು ದಿನದ ವಿಷಯ. ಆರನೇ ಕಾರಿನಲ್ಲಿ ಮುಂದಿನ ಬಂಪರಿನ ಕೆಳಭಾಗ ಬಾಡಿಯಿಂದ ಬೇರೆ ತುಂಡಾಗಿ ಬಂದಿತ್ತು. ಸಂಜೆ ಅಂಟಿಸಿದೆ, ಬೆಳಿಗ್ಗೆ ಉಜ್ಜಿದೆ, ಮಧ್ಯಾಹ್ನ ಪ್ರೈಮರ್, ಮರುದಿನ ಬಣ್ಣ. ಕನ್ನಡಿಯ ಹಾಗೆ ಹೊಳೆಯಿತು. ಒಂದು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಕೂದಲೆಳೆಯಷ್ಟು ತಗ್ಗು ಗೆರೆ ಮೂಡಿತು. ಒಳಗೆ ಉಳಿದಿದ್ದ ದ್ರವ ನಿಧಾನವಾಗಿ ಆರುತ್ತಾ ಹೋದ ಹಾಗೆ ಪ್ಲಾಸ್ಟಿಕ್ ಕುಗ್ಗಿತ್ತು. ತಪ್ಪು ಸಿಮೆಂಟಿನದ್ದಲ್ಲ, ನನ್ನ ಅವಸರದ್ದು. ಈಗ ಹೊರಗೆ ಕಾಣುವ ಯಾವುದೇ ಕೂಡನ್ನು ಒಂದು ವಾರ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಹತ್ತು ದಿನ. ಅಂಥ ಕಡೆ ಎರಡೂ ಅಂಚಿಗೆ ಹಚ್ಚಿ, ಕರಗಿದ ಪ್ಲಾಸ್ಟಿಕ್ ಮಣಿಯಂತೆ ಹೊರಗೆ ಉಕ್ಕುವಷ್ಟು ಒತ್ತುತ್ತೇನೆ. ವಾರದ ನಂತರ ಆ ಏಣನ್ನು ಬ್ಲೇಡಿನಿಂದ ಹೆರೆದು 600, 800, 1000 ನಂಬರ್ ಪೇಪರ್‌ನಲ್ಲಿ ಉಜ್ಜಿದರೆ ಪುಟ್ಟಿಯೇ ಬೇಡ. ಆ ಮೇಲೆ ಮಾಡಿದ 13 ಕಾರುಗಳಲ್ಲಿ ಒಂದರಲ್ಲೂ ಗೆರೆ ಬಂದಿಲ್ಲ.

ಬಾಟಲಿ ಚೌಕವಾಗಿದ್ದರೂ ಬೀಳುತ್ತದೆ. ಕೈ ತಾಗಿ ಒಮ್ಮೆ ನನ್ನದು ಮಗುಚಿತು, ದ್ರವ ಆಗ ಕಟ್ಟುತ್ತಿದ್ದ ನಿಸ್ಸಾನ್ ಸ್ಕೈಲೈನ್ ಕಾರಿನ ಬಾನೆಟ್ ಮೇಲೆ ಹರಿಯಿತು. ಅಂಥ ಹೊತ್ತಿನಲ್ಲಿ ಬಟ್ಟೆ ತೆಗೆದುಕೊಂಡು ಒರೆಸಬೇಕು ಅನ್ನಿಸುತ್ತದೆ. ದಯವಿಟ್ಟು ಒರೆಸಬೇಡಿ. ಮೆತ್ತಗಾದ ಪ್ಲಾಸ್ಟಿಕ್ ಬಟ್ಟೆಗೆ ಕಿತ್ತು ಬರುತ್ತದೆ. ಹಾಗೇ ಬಿಟ್ಟುಬಿಡಿ, ಫ್ಯಾನ್ ಗಾಳಿಗೂ ಇಡಬೇಡಿ, ಧೂಳು ಕೂರುತ್ತದೆ. ತಾನೇ ಆರುತ್ತದೆ, ಮೇಲ್ಮೈ ಸ್ವಲ್ಪ ಮಂಕಾಗಿರುತ್ತದೆ, ಮರುದಿನ ಉಜ್ಜಿದರೆ ಸರಿಹೋಗುತ್ತದೆ. ನನ್ನ ಬಾನೆಟ್ ಸರಿಹೋಯಿತು. ಆಮೇಲೆ ಹಳೆಯ ಹಲಗೆಯ ತುಂಡಿನಲ್ಲಿ ಬಾಟಲಿ ಕೂರುವಷ್ಟು ಚೌಕ ಗುಂಡಿ ಕೊರೆಸಿಕೊಂಡೆ. ಬಡಗಿಯವರು ದುಡ್ಡೂ ತೆಗೆದುಕೊಳ್ಳಲಿಲ್ಲ.

ವಾಸನೆ ಜೋರಾಗಿಯೇ ಇದೆ. ಕಿಟಕಿ ತೆಗೆದು ಕೂರಬೇಕು. ಬೇಗ ಬೆಂಕಿ ಹಿಡಿಯುವ ದ್ರವ ಇದು, ಹಾಗಾಗಿ ಪಕ್ಕದಲ್ಲಿ ಸೊಳ್ಳೆಬತ್ತಿ, ಊದುಬತ್ತಿ, ದೇವರ ದೀಪ ಯಾವುದೂ ಇರಬಾರದು. ನಮ್ಮ ಮನೆಗಳಲ್ಲಿ ಸಂಜೆ ಹೊತ್ತು ಇವು ಮೂರೂ ಹಚ್ಚುತ್ತಾರೆ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ. ಮಕ್ಕಳು ಮುಚ್ಚಳ ತೆಗೆಯದ ಹಾಗೆ ಎತ್ತರದಲ್ಲಿ ಇಡಿ.

ಆರಿಹೋಗುವುದು ಇದರ ನಿಜವಾದ ಕೊರತೆ. ಕೆಲಸ ಮಾಡುವಾಗ ಮುಚ್ಚಳ ತೆರೆದೇ ಇಡುವ ಅಭ್ಯಾಸವಿದ್ದರೆ ಅರ್ಧ ಬಾಟಲಿ ಗಾಳಿಗೇ ಹೋಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಇನ್ನೂ ಬೇಗ. ಮೊದಲ ಬಾಟಲಿ ನನಗೆ ಮೂರೇ ಕಾರಿಗೆ ಬಂತು. ಈಗ ಪ್ರತಿ ಸಲ ಬ್ರಷ್ ಅದ್ದಿದ ಕೂಡಲೇ ಮುಚ್ಚಳವನ್ನು ಬಾಟಲಿಯ ಮೇಲೆ ಸಡಿಲವಾಗಿಯಾದರೂ ಇಡುತ್ತೇನೆ, ಆರು ಕಾರಿಗೆ ಬರುತ್ತದೆ. ಕೊನೆಯ ಸಲ ಕೊಂಡಾಗ 380 ರೂಪಾಯಿ ಕೊಟ್ಟೆ. ಟ್ಯೂಬಿನ ಅಂಟಿಗಿಂತ ದುಬಾರಿ ಹೌದು, ಆದರೆ ಕಿಟ್‌ಗೇ ಎರಡು ಮೂರು ಸಾವಿರ ಕೊಟ್ಟ ಮೇಲೆ ಇಲ್ಲಿ ಉಳಿಸಲು ಹೋಗಬಾರದು. ಹೊರದೇಶದಿಂದ ತರಿಸುವ ಯೋಚನೆ ಬೇಡ, ಬೆಂಕಿ ಹಿಡಿಯುವ ದ್ರವವನ್ನು ವಿಮಾನದಲ್ಲಿ ಕಳಿಸುವುದು ಕಷ್ಟ. ನಮ್ಮ ದೇಶದ ಹಾಬಿ ಅಂಗಡಿಗಳಲ್ಲೇ ನೋಡಿ. ತಿಳಿ ಹಸಿರು ಮುಚ್ಚಳದ್ದು ಸಿಕ್ಕರೆ ಅದು ಬೇಗ ಹಿಡಿಯುವ ಬಗೆ. ಕನ್ನಡಿ, ವೈಪರ್‌ನಂಥ ಸಣ್ಣ ತುಂಡಿಗೆ ಚೆಂದ, ಉದ್ದ ಸಂದಿಗೆ ಬೇಡ. ಹೊಸಬರು ಗಾಢ ಹಸಿರಿನದ್ದನ್ನೇ ತೆಗೆದುಕೊಳ್ಳಿ.

ಕಟ್ಟಿದ ಕಾರನ್ನು ನೋಡುವುದಕ್ಕೂ ಒಂದು ಕ್ರಮ ಇದೆ ಅಂತ ನನಗೆ ನಿಧಾನವಾಗಿ ಗೊತ್ತಾಯಿತು. ಮೇಲಿನಿಂದ ನೋಡಿದರೆ ಅದು ಆಟಿಕೆ. ಗಲ್ಲವನ್ನು ಮೇಜಿಗೆ ತಾಗಿಸಿ, ಕಣ್ಣನ್ನು ಬಾನೆಟ್ಟಿನ ಮಟ್ಟಕ್ಕೆ ತಂದು, ಒಂದೇ ಕಡೆಯಿಂದ ಬೆಳಕು ಬೀಳುವಾಗ ನೋಡಿ. ರಸ್ತೆಯ ಬದಿಯಲ್ಲಿ ನಿಂತು ನಿಜವಾದ ಕಾರನ್ನು ನೋಡಿದ ಹಾಗೇ ಇರುತ್ತದೆ. ಬೆಳಕು ಬಾಗಿಲಿನ ಮೇಲೆ ಜಾರುವಾಗ ಕೆಟ್ಟ ಕೂಡು ಇದ್ದರೆ ಅಲ್ಲಿ ತಡೆಯುತ್ತದೆ. ಒಳ್ಳೆಯ ಕೂಡಿನ ಮೇಲೆ ತಡೆಯದೆ ದಾಟುತ್ತದೆ. ಭಾನುವಾರ ಬೆಳಿಗ್ಗೆ ಎಂಟರ ಬಿಸಿಲು ನಮ್ಮ ಕಪಾಟಿಗೆ ಓರೆಯಾಗಿ ಬೀಳುತ್ತದೆ. ಆ ಹೊತ್ತಿಗೆ ಕಾಫಿ ಹಿಡಿದು ನಾನು ಅಲ್ಲೇ ಕೂತಿರುತ್ತೇನೆ.

ಖಾಲಿಯಾದ ಬಾಟಲಿ ಎಸೆಯಬೇಡಿ. ತಳದಲ್ಲಿ ಬೆರಳಗಲ ಸಿಮೆಂಟ್ ಉಳಿದಿರುವಾಗಲೇ, ಕತ್ತರಿಸಿ ಉಳಿದ ಸ್ಪ್ರೂ, ಅಂದರೆ ಕಿಟ್‌ನ ತುಂಡುಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟು, ಅದರ ಚೂರುಗಳನ್ನು ಬಾಟಲಿಯೊಳಗೆ ಹಾಕಿ ಮುಚ್ಚಿಡಿ. ಒಂದೆರಡು ದಿನದಲ್ಲಿ ಕರಗಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಸಂದು ದೊಡ್ಡದಿರುವ ಕಡೆ ಅದನ್ನೇ ತುಂಬಿಸಬಹುದು, ಆರಿದ ಮೇಲೆ ಅದೂ ಕಿಟ್‌ನ ಪ್ಲಾಸ್ಟಿಕ್ಕೇ. 2018ರ ನನ್ನ ಮೊದಲ ಬಾಟಲಿ ಹೀಗೇ ಇನ್ನೂ ಮೇಜಿನ ಮೇಲಿದೆ. ಲೇಬಲ್ ಅಳಿಸಿಹೋಗಿದೆ, ಬ್ರಷ್ಷಿನ ಕೂದಲು ಉದುರಿವೆ. ನಿನ್ನೆ ರಾತ್ರಿ ಅದಕ್ಕೆ ಹೊಸ ಬೀಟಲ್ ಕಿಟ್‌ನ ಸ್ಪ್ರೂ ಚೂರು ಹಾಕಿಟ್ಟಿದ್ದೇನೆ.