ಗೇಮ್‌ನಲ್ಲಿ ಸಿಕ್ಕ ‘ಅಣ್ಣ’ ನಮ್ಮ ಮನೆಗೆ ಕೈ ಹಾಕಿದ್ದು ಹೀಗೆ

ಕಳೆದ ತಿಂಗಳು ಗ್ಯಾಸ್ ಬುಕ್ ಮಾಡಲು ಹೋದೆ, ಬ್ಯಾಲೆನ್ಸ್ ಸಾಲದು ಅಂತ ಬಂತು. ಮನೆಖರ್ಚಿಗೆ ಅಂತಲೇ ಇಟ್ಟುಕೊಂಡಿದ್ದ ಖಾತೆ ಅದು. ಬ್ಯಾಂಕ್ ಮೆಸೇಜ್ ನೋಡೋಣ ಅಂದರೆ ಒಂದೂ ಇಲ್ಲ. ಆಪ್ ತೆರೆದು ನೋಡಿದರೆ ಒಂಬತ್ತು ದಿನದಲ್ಲಿ ನಾಲ್ಕು ಸಲ, 500, 1,500, 4,000, ಅವತ್ತು ಬೆಳಗ್ಗೆಯೇ 7,000, ಯಾವುದೋ ಗೊತ್ತಿಲ್ಲದ ಹೆಸರಿಗೆ ಹೋಗಿದೆ. ಏಳನೇ ಕ್ಲಾಸಿನ ಮಗ ಅಡುಗೆಮನೆ ಬಾಗಿಲ ಹಿಂದೆ ಉಗುರು ಕಚ್ಚುತ್ತಾ ನಿಂತಿದ್ದ.

ಅವನು ಆಡುವ ಗೇಮ್‌ನಲ್ಲಿ ಮಾತಾಡುತ್ತಾ ಆಡಬಹುದು. ಅಲ್ಲಿ ಒಬ್ಬ ಸಿಕ್ಕಿದ್ದಾನೆ. ಒಳ್ಳೆ ಕನ್ನಡ, ಮಾತು ಮಾತಿಗೂ ‘ಮಗಾ’. ಮೊದಲು ಏನೂ ಕೇಳಿಲ್ಲ, ಇವನಿಗೇ ಡೈಮಂಡ್ (ಗೇಮ್‌ನೊಳಗೆ ನಡೆಯುವ ದುಡ್ಡು) ಗಿಫ್ಟ್ ಕೊಟ್ಟಿದ್ದಾನೆ. ಆಮೇಲೆ ‘ಇಲ್ಲಿ ಬೇಡ, ಬೇರೆ ಕಡೆ ಮಾತಾಡೋಣ’ ಅಂತ ಇನ್ನೊಂದು ಚಾಟ್ ಆಪ್‌ಗೆ ಕರೆದಿದ್ದಾನೆ. ಟೀಮ್‌ಗೆ ಸೇರಬೇಕಾದರೆ ಯೂನಿಫಾರ್ಮ್‌ನಲ್ಲಿ ಒಂದು ಫೋಟೋ ಬೇಕು ಅಂದನಂತೆ, ಇವನು ಕಳಿಸಿದ. ಬ್ಯಾಡ್ಜ್ ಮೇಲೆ ಸ್ಕೂಲ್ ಹೆಸರು ಚೆನ್ನಾಗಿ ಕಾಣುತ್ತದೆ.

ಆಮೇಲೆ ಬಂದಿದ್ದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಿನ್ ಹಾಕು, ಡೈಮಂಡ್ ಬರುತ್ತೆ ಅಂದನಂತೆ. ನಮಗೆ ಹಣ ಬರೋದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ, ಪಿನ್ ಕೇಳಿತು ಅಂದರೆ ಹೋಗುತ್ತಿದೆ ಅಂತಲೇ ಅರ್ಥ, ಇದನ್ನು ನಾನು ಮಗನಿಗೆ ಹೇಳಿರಲಿಲ್ಲ. ಪಿನ್ ಮಾತ್ರ ಹೇಳಿಕೊಟ್ಟಿದ್ದೆ! ಹಾಲು, ಕೊತ್ತಂಬರಿ ಸೊಪ್ಪು ತರಲು ಮೊಬೈಲ್ ಕೊಟ್ಟೇ ಕಳಿಸುತ್ತಿದ್ದೆ. ನನ್ನ ಮಗ ಎಷ್ಟು ಚುರುಕು ಅಂತ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡಿದ್ದೂ ಉಂಟು.

500 ಹೋದ ಕೂಡಲೇ ಮಗನಿಗೆ ಮೋಸ ಅಂತ ಗೊತ್ತಾಗಿದೆ. ಇನ್ನು ಕೊಡಲ್ಲ ಅಂದಿದ್ದಕ್ಕೆ, ನಿನ್ನ ಮುಖಕ್ಕೆ ಬೇರೆ ಮೈ ಅಂಟಿಸಿ ಸ್ಕೂಲ್ ಗ್ರೂಪಿಗೆ ಹಾಕ್ತೀನಿ ಅಂತ ಆ ‘ಅಣ್ಣ’ ಹೆದರಿಸಿದ್ದಾನೆ. ಮಗು ಒಂಬತ್ತು ದಿನ ಒಬ್ಬನೇ ಇದನ್ನು ಹೊತ್ತುಕೊಂಡು, ಬ್ಯಾಂಕ್ ಮೆಸೇಜ್ ಅಳಿಸುತ್ತಾ, ರಾತ್ರಿ ಊಟ ಬೇಡ ಅನ್ನುತ್ತಾ ಓಡಾಡಿದ್ದಾನೆ. ನಾನು ಹೊಟ್ಟೆ ಕೆಟ್ಟಿರಬೇಕು ಅಂತ ಜೀರಿಗೆ ಕಷಾಯ ಕೊಟ್ಟೆ. ಯಾಕೋ ಹೇಳಲಿಲ್ಲ ಅಂತ ಕೇಳಿದರೆ, ‘ನೀನು ಮೊಬೈಲ್ ಕಿತ್ಕೊಳ್ತೀಯ, ಅಪ್ಪ ಹೊಡೀತಾರೆ’ ಅಂದ. ಸುಳ್ಳಲ್ಲ. ಎರಡೂ ನಮ್ಮ ಮನೆಯಲ್ಲಿ ಆಗಿದ್ದೇ. ಆ ಕಳ್ಳನಿಗೆ ಇದೇ ಬಂಡವಾಳ, ಮನೇಲಿ ಹೇಳಿದ್ರೆ ನಿಂಗೇ ಏಟು ಬೀಳೋದು ಅಂತ ಅವನೂ ಹೇಳಿದ್ದನಂತೆ.

ಆಮೇಲೆ ನಾನು ಮಾಡಿದ್ದು ಇನ್ನೊಂದು ದಡ್ಡ ಕೆಲಸ. ಸಿಟ್ಟಿನಲ್ಲಿ ಚಾಟ್ ಪೂರ್ತಿ ಡಿಲೀಟ್ ಮಾಡಿಬಿಟ್ಟೆ. ಪೊಲೀಸ್ ಸ್ಟೇಷನ್‌ನಲ್ಲಿ ಮೊದಲು ಕೇಳಿದ್ದೇ ಅದನ್ನ. ದಯವಿಟ್ಟು ನೀವು ಅಳಿಸಬೇಡಿ. ಅವನ ಪ್ರೊಫೈಲ್, ನಂಬರ್, ಮೆಸೇಜ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲೇ ಇಟ್ಟುಕೊಳ್ಳಿ, ಕೇಳುತ್ತಾರೆ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಮಗು ತುಂಬಾ ಹೆದರಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಫೋಟೋ ಇಟ್ಟುಕೊಂಡು ಹೆದರಿಸುವವನಿಗೆ ಹಣ ಕೊಟ್ಟರೆ ಸುಮ್ಮನಾಗುತ್ತಾನೆ ಅಂದುಕೊಳ್ಳಬೇಡಿ, ನಮ್ಮ ಲೆಕ್ಕವನ್ನೇ ನೋಡಿ, ಸಲದಿಂದ ಸಲಕ್ಕೆ ಏರಿದೆ.

ಗೇಮ್ ಪೂರ್ತಿ ನಿಲ್ಲಿಸಿಲ್ಲ. ವಾಯ್ಸ್ ಚಾಟ್ ಆಫ್ ಆಗಿದೆ, ಆಟ ಹಾಲ್‌ನಲ್ಲೇ ಕೂತು. ಫ್ರೆಂಡ್ಸ್ ಲಿಸ್ಟ್‌ನಲ್ಲಿ 64 ಜನ ಇದ್ದರು, ಒಬ್ಬೊಬ್ಬರದೇ ಹೆಸರು ಓದಿ ‘ಇವರು ಯಾರು?’ ಅಂತ ಕೇಳಿದೆ. ಅವನಿಗೆ ನಿಜಕ್ಕೂ ಗೊತ್ತಿದ್ದವರು ಐದು ಜನ. ಅಂಗಡಿಗೆ ಈಗ ಚಿಲ್ಲರೆ ಕೊಟ್ಟು ಕಳಿಸುತ್ತೇನೆ.

ಹಣದ ವಿಷಯ: ಬೆಳಗ್ಗೆ ಹೋಗಿದ್ದ 7,000 ಮಾತ್ರ ತಡೆಹಿಡಿದಿದ್ದಾರೆ, ಅದೂ ಕೈಗೆ ಬಂದಿಲ್ಲ. ಇನ್ನೂ ಓಡಾಡುತ್ತಿದ್ದೇವೆ.