ಕರೆಂಟು ಕಂಬಳಿ: ಮೂರು ಚಳಿಗಾಲ ಹೊದ್ದ ಮೇಲೆ

ಈ ಕಂಬಳಿಯನ್ನು ಕೊಂಡದ್ದು 2022ರ ಅಕ್ಟೋಬರ್ ಕೊನೆಯಲ್ಲಿ, 45 ಪೌಂಡಿಗೆ. ಅಮ್ಮ ಸಾಗರದಿಂದ ಆರು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ನಾಲ್ಕು ದಿನವಾಗಿತ್ತು, ನಾಲ್ಕೂ ದಿನ ಅವಳು ಮನೆಯೊಳಗೆ ಕೋಟು ಬಿಚ್ಚಿರಲಿಲ್ಲ. ನಮ್ಮದು ಬಾಡಿಗೆಯ ಸಾಲುಮನೆ. ನೂರು ವರ್ಷ ದಾಟಿದ ಕೆಂಪು ಇಟ್ಟಿಗೆಯ ಗೋಡೆ, ನಡುವೆ ಟೊಳ್ಳಿಲ್ಲ. ಹಾಗಾಗಿ ಶಾಖ ತಡೆಯುವ ನೊರೆಯನ್ನೋ ಉಣ್ಣೆಯನ್ನೋ ಒಳಗೆ ತುಂಬಿಸುವ ದಾರಿಯೂ ಇಲ್ಲ. ಆ ತಿಂಗಳ ಒಂದನೇ ತಾರೀಖಿನಿಂದ ಕರೆಂಟು ಯೂನಿಟ್ಟಿಗೆ 34 ಪೆನ್ಸ್, ಅದೇ ಅಳತೆಯಲ್ಲಿ ಗ್ಯಾಸು 10.3 ಪೆನ್ಸ್ ಆಗಿತ್ತು (ನೂರು ಪೆನ್ಸಿಗೆ ಒಂದು ಪೌಂಡ್). ಅದೂ ಸರ್ಕಾರ ನಡುವೆ ಬಂದು ತಡೆದ ಮೇಲಿನ ದರ. ಕರೆಂಟು, ಗ್ಯಾಸಿನ ದರ ನಿಯಂತ್ರಿಸುವ ಸಂಸ್ಥೆ ಆಫ್‌ಜೆಮ್ ಮೊದಲು ಪ್ರಕಟಿಸಿದ ಮಿತಿಯೇ ಉಳಿದಿದ್ದರೆ ಸಾಧಾರಣ ಮನೆಯೊಂದರ ವರ್ಷದ ಬಿಲ್ಲು 3,549 ಪೌಂಡ್ ಆಗುತ್ತಿತ್ತು. ಅದನ್ನು 2,500ರ ಆಸುಪಾಸಿನಲ್ಲಿ ನಿಲ್ಲಿಸಿದರು.

ಅಲ್ಲಿಯವರೆಗೆ ನಮ್ಮ ಲೆಕ್ಕ ಸರಳವಾಗಿತ್ತು. ಇಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಮನೆ ಕಾಯಿಸುವ ಗ್ಯಾಸಿನ ಬಾಯ್ಲರ್ ಬೆಳಿಗ್ಗೆ ಒಂದು ಗಂಟೆ ಹೊತ್ತು, ಸಂಜೆ ನಾಲ್ಕು ಗಂಟೆ ಹೊತ್ತು ಉರಿದರೆ ಸಾಕಿತ್ತು. ಈಗ ಹಗಲಿಡೀ ಮನೆಯಲ್ಲಿ ಒಬ್ಬಳೇ ಅಮ್ಮ. ಅವಳೊಬ್ಬಳಿಗಾಗಿ ಮೂರು ಮಹಡಿಯ ಗೋಡೆಗಳನ್ನೆಲ್ಲ ಕಾಯಿಸುವುದೇ?

ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಈ ಬಗೆಯ ಕಂಬಳಿಗಳೆಲ್ಲ ಹೆಚ್ಚು ಕಡಿಮೆ ಒಂದೇ. ಹಾಸಿಗೆಯ ಮೇಲೆ, ಮೈ ಕೆಳಗೆ ಹಾಸುವುದಲ್ಲ, ಸೋಫಾದಲ್ಲಿ ಕುಳಿತು ಮೈಮೇಲೆ ಹೊದೆಯುವುದು. ಮೆತ್ತನೆಯ ಬಟ್ಟೆಯ ಎರಡು ಪದರದ ನಡುವೆ ಹಾವಿನ ಹಾಗೆ ಸುತ್ತಿ ಹೊಲಿದ ತಂತಿ, ತುದಿಯಲ್ಲಿ ಆರು ಹಂತದ ಗುಂಡಿ. ಹೊತ್ತಿಸಿ ಮೂರು ಗಂಟೆಯಾದರೆ ತಾನಾಗಿ ಆರುತ್ತದೆ. ಅಮ್ಮ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, "ಕರೆಂಟು ಹೊದ್ದುಕೊಂಡು ಕೂರುವುದೇ? ನನಗೆ ಬೇಡ" ಎಂದಳು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳಗಳ ತೂಕ ಕಡಿಮೆ ಮಾಡಿ ಚಳ್ಳಕೆರೆಯ ಕರಿ ಕಂಬಳಿಯೊಂದನ್ನು ಅವಳು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿದ್ದಳು. ಎರಡು ದಿನ ಅದನ್ನೇ ಹೊದ್ದಳು. ಮೂರನೆಯ ದಿನ ನಾನು ಕೆಲಸದಿಂದ ಬರುವ ಹೊತ್ತಿಗೆ ಕರೆಂಟಿನದು ಅವಳ ಮೈಮೇಲಿತ್ತು, ಗುಂಡಿ ನಾಲ್ಕರಲ್ಲಿತ್ತು. ನಾನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇನ್ನು ಖರ್ಚು. ಪ್ಲಗ್ಗಿನ ನಡುವೆ ಸಿಕ್ಕಿಸುವ ಚಿಕ್ಕ ಮೀಟರಿನಿಂದ ನಾನೇ ಅಳೆದೆ. ಹೊತ್ತಿಸಿದ ಮೊದಲ ಹತ್ತು ನಿಮಿಷ 120 ವಾಟ್ ಎಳೆಯುತ್ತದೆ. ಕಾದ ಮೇಲೆ ಮೂರನೆಯ ಹಂತದಲ್ಲಿ ಸರಾಸರಿ 65 ವಾಟ್. ದಿನಕ್ಕೆ ಹತ್ತು ಗಂಟೆ ಹೊದ್ದರೂ ಆಗಿನ ದರದಲ್ಲಿ 22 ಪೆನ್ಸ್. ಅದೇ ದಿನ ಬಾಯ್ಲರನ್ನು ಬೆಳಗಿನಿಂದ ರಾತ್ರಿಯವರೆಗೆ ಉರಿಸಿದರೆ ಎಂಟು ಪೌಂಡ್ ಬೂದಿ.

ಹಾಗೆಂದು ಕರೆಂಟಿನ ಹೀಟರ್ ತಂದು ಕೋಣೆ ಕಾಯಿಸಲು ಹೋಗಬೇಡಿ. ನಾವು ಅದನ್ನೂ ಮಾಡಿ ನೋಡಿದ್ದೇವೆ. ಎಣ್ಣೆ ತುಂಬಿದ ರೇಡಿಯೇಟರ್, ಎರಡು ಸಾವಿರ ವಾಟ್; ಗಂಟೆಗೆ 68 ಪೆನ್ಸ್. ಹೊತ್ತಿಸಿದ ಕೂಡಲೇ ಸ್ಮಾರ್ಟ್ ಮೀಟರಿನ ಪರದೆ ಕೆಂಪಾಗುತ್ತಿತ್ತು, ನನ್ನವರ ಮುಖವೂ. ಕರೆಂಟಿನ ಬೆಲೆ ಗ್ಯಾಸಿನ ಮೂರು ಪಟ್ಟು ಇರುವ ಊರಿನಲ್ಲಿ ಕೋಣೆಯನ್ನು ಕರೆಂಟಿನಿಂದ ಕಾಯಿಸಿ ಉಳಿಸುವುದು ಆಗದ ಮಾತು. ಗೋಡೆಯ ಪ್ಲಗ್ಗಿಗೇ ಸಿಕ್ಕಿಸುವ ಅಂಗೈಯಷ್ಟು ಹೀಟರ್ ಇಡೀ ಮನೆಯನ್ನು ಬಿಡಿಗಾಸಿನಲ್ಲಿ ಬೆಚ್ಚಗಿಡುತ್ತದೆ ಎಂಬ ಜಾಹೀರಾತು ಪ್ರತಿ ನವೆಂಬರಿನಲ್ಲೂ ಮೊಬೈಲಿಗೆ ಬರುತ್ತದೆ. ತಂತಿ ಕಾಯಿಸುವ ಯಾವ ಹೀಟರಾದರೂ ಒಂದು ಯೂನಿಟ್ಟಿಗೆ ಕೊಡುವ ಶಾಖ ಒಂದೇ. ಐನೂರು ವಾಟ್ ಎಂದರೆ ಐನೂರು ವಾಟ್, ಡಬ್ಬಿ ಎಷ್ಟೇ ಚೆಂದವಿರಲಿ. ಹೀಟ್ ಪಂಪಿನ ಮಾತು ಬೇರೆ, ಅದು ಹೊರಗಿನ ಗಾಳಿಯ ಶಾಖವನ್ನು ಒಳಗೆ ಸಾಗಿಸುತ್ತದೆ. ಆದರೆ ಅದನ್ನು ಹಾಕಿಸುವುದು ಬಾಡಿಗೆದಾರರ ಕೈಯಲ್ಲಿಲ್ಲ.

ದೋಸೆಯ ಕಥೆ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. 2022ರ ಡಿಸೆಂಬರ್ ಎರಡನೇ ವಾರ ದೇಶಕ್ಕೆ ದೇಶವೇ ಹೆಪ್ಪುಗಟ್ಟಿತ್ತು. ರುಬ್ಬಿಟ್ಟ ಹಿಟ್ಟು ಎರಡು ದಿನವಾದರೂ ಉಬ್ಬಲಿಲ್ಲ, ಸಿಮೆಂಟಿನಂತೆ ಕೂತಿತ್ತು. ಆ ರಾತ್ರಿ ಅಮ್ಮ ಹಿಟ್ಟಿನ ತಪ್ಪಲೆಗೆ ಈ ಕಂಬಳಿಯನ್ನು ಸುತ್ತಿ, ಒಂದನೇ ಹಂತಕ್ಕಿಟ್ಟು ಮಲಗಿದ್ದಾಳೆ. ಮೂರು ಗಂಟೆಗೊಮ್ಮೆ ಆರುತ್ತದೆಂದು ತಿಳಿದಿತ್ತಲ್ಲ, ನಡುರಾತ್ರಿ ಎದ್ದು ಮತ್ತೆ ಗುಂಡಿಯನ್ನೂ ಒತ್ತಿದ್ದಾಳೆ. ಬೆಳಿಗ್ಗೆ ಹಿಟ್ಟು ತಪ್ಪಲೆಯ ಮುಚ್ಚಳವನ್ನು ಎತ್ತಿ ಹೊರಗೆ ಬಂದಿತ್ತು. ದೋಸೆ ಚೆನ್ನಾಗಿಯೇ ಆಯಿತು. ಆದರೆ ದಯವಿಟ್ಟು ಯಾರೂ ಇದನ್ನು ಮಾಡಬೇಡಿ: ತಂತಿಯಿರುವ ಕಂಬಳಿಯನ್ನು ಮಡಚಿ, ಸುತ್ತಿ, ಹೊತ್ತಿಸಿಟ್ಟು ಮಲಗುವುದು ಬೆಂಕಿಗೆ ಆಹ್ವಾನ. ಹಿಟ್ಟಿಗೆ ಓವನ್ನಿನ ದೀಪವೊಂದನ್ನೇ ಹಾಕಿ ಒಳಗಿಟ್ಟರೆ ಸಾಕು ಎಂದು ಆಮೇಲೆ ಕನ್ನಡದ ಗೆಳತಿಯೊಬ್ಬರು ಹೇಳಿಕೊಟ್ಟರು, ಈಗಲೂ ಹಾಗೆಯೇ ಮಾಡುತ್ತೇವೆ. ಅಂದಿನ ದೆಸೆಯಿಂದ ಒಂದು ಸಂಗತಿ ಗೊತ್ತಾಯಿತು, ಕಂಬಳಿಯನ್ನು ತೊಳೆಯಬಹುದು. ತಂತಿಯ ಕೊಂಡಿ ಬಿಚ್ಚಿ 30 ಡಿಗ್ರಿಯಲ್ಲಿ ಮೆಲ್ಲಗೆ ತೊಳೆಯಬೇಕು. ಪೂರ್ತಿ ಒಣಗುವವರೆಗೆ ಹೊತ್ತಿಸಬಾರದು. ಒಣಗಲು ಎರಡು ದಿನ ಹಿಡಿಯಿತು.

ಇಷ್ಟು ಬರೆದರೆ ಐದಕ್ಕೆ ಐದು ಕೊಡಬೇಕಾಗಿತ್ತು. ಕೊಡುವುದಿಲ್ಲ.

ಕಂಬಳಿ ಬಂದ ಮೇಲೆ ನಮಗೆ ದುರಾಸೆ ಹತ್ತಿತು. ಮೈ ಬೆಚ್ಚಗಿದೆಯಲ್ಲ ಎಂದು ಮನೆ ಎಷ್ಟು ಬಿಸಿಯಿರಬೇಕೆಂದು ಹೊಂದಿಸುವ ಥರ್ಮೋಸ್ಟಾಟನ್ನು 18 ಡಿಗ್ರಿಯಿಂದ 15ಕ್ಕೆ ಇಳಿಸಿದೆವು, ಮಲಗುವ ಕೋಣೆಯಲ್ಲಿ ಬಾಯ್ಲರಿನ ಬಿಸಿನೀರು ಹರಿಯುವ ರೇಡಿಯೇಟರನ್ನು ಮುಚ್ಚಿಯೇ ಬಿಟ್ಟೆವು. ಅಮ್ಮ ಸೋಫಾದಲ್ಲಿ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಮಂಡಿಯ ಮೇಲೆ ಬಿಸಿ, ಕಂಬಳಿಯ ಹೊರಗಿದ್ದ ಬೆರಳು ಮರಗಟ್ಟಿ ಹತ್ತಿ ನೂಲಾಗುತ್ತಿರಲಿಲ್ಲ. ಎಳೆ ಕಿತ್ತು ಬರುತ್ತಿತ್ತು. ನಾನು ಅದನ್ನು ನೋಡಿದ್ದೆ, ನೋಡಿ ಸುಮ್ಮನಿದ್ದೆ. ವಯಸ್ಸಾದವರಿರುವ ಮನೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಇಲ್ಲಿನ ಆರೋಗ್ಯ ಇಲಾಖೆ ಸಾರಿ ಸಾರಿ ಹೇಳುತ್ತದೆ. ಅಮ್ಮನಿಗೆ ಆಗ 67. ಜನವರಿಯ ಹೊತ್ತಿಗೆ ಅವಳಿಗೆ ಬಿಡದ ಕೆಮ್ಮು.

2023ರ ಸಂಕ್ರಾಂತಿ ಭಾನುವಾರ ಬಂದಿತ್ತು. ಕನ್ನಡದವರೆಲ್ಲ ಸೇರುವವರಿದ್ದೆವು. ಸೀರೆ ಉಡೋಣವೆಂದು ಬೀರುವಿನ ಹಿಂದೆ ನಿಲ್ಲಿಸಿದ್ದ ಸೂಟ್‌ಕೇಸನ್ನು ಎಳೆದೆ. ಕೈಗೆ ಒದ್ದೆ ತಗುಲಿತು. ತೆರೆದರೆ ನನ್ನ ಧಾರೆ ಸೀರೆಯ ಮಡಿಕೆಯುದ್ದಕ್ಕೂ ಬೂದು ಬಣ್ಣದ ಬೂಷ್ಟು, ಜರಿಯ ಅಂಚಿನಲ್ಲಿ ಕಪ್ಪು ಚುಕ್ಕೆ. ಬೀರುವಿನ ಹಿಂದಿನ ಗೋಡೆಯಂತೂ ಮಸಿ ಎರಚಿದಂತಿತ್ತು. ಅಮ್ಮ ಅಂಗೈಯನ್ನು ಗೋಡೆಗೆ ಒತ್ತಿ ನೋಡಿ, "ಆಷಾಢದಲ್ಲಿ ನಮ್ಮ ಹಿತ್ತಿಲ ಕೋಣೆ ಹೀಗೇ ಆಗುವುದು. ಅಲ್ಲಾದರೆ ಬಚ್ಚಲೊಲೆಯಾದರೂ ಉರಿಯುತ್ತದೆ, ನೀವು ಅದನ್ನೂ ಆರಿಸಿ ಕೂತಿದ್ದೀರಿ" ಎಂದಳು. ಮಲೆನಾಡಿನಲ್ಲಿ ಹುಟ್ಟಿ, ಮಳೆಗಾಲವಿಡೀ ಒಲೆಯ ಮೇಲಿನ ಗಳದಲ್ಲಿ ಒಣಗಿದ ಬಟ್ಟೆ ತೊಟ್ಟು ಬೆಳೆದವಳಿಗೆ ಇದು ಹೊಳೆಯದೆ ಹೋಯಿತಲ್ಲ ಎಂಬುದೇ ನನಗೆ ಹೆಚ್ಚು ನಾಚಿಕೆ.

ಆದದ್ದು ಇಷ್ಟು. ನಾಲ್ಕು ಜನರ ಉಸಿರು, ಕುಕ್ಕರಿನ ಆವಿ, ಒಳಗೇ ಒಣಗಿಸುವ ಬಟ್ಟೆ, ಎಲ್ಲವೂ ಗಾಳಿಗೆ ನೀರು ಸೇರಿಸುತ್ತವೆ. ಕೋಣೆ 20 ಡಿಗ್ರಿಯಿದ್ದು ತೇವಾಂಶ ಶೇ. 60 ಇದ್ದರೂ 12 ಡಿಗ್ರಿಗೆ ತಣಿದ ಗೋಡೆಯ ಮೇಲೆ ಹನಿ ಕಟ್ಟುತ್ತದೆ. ನಮ್ಮ ಕೋಣೆಯಲ್ಲಿ ತೇವಾಂಶ ಶೇ. 78 ಇತ್ತು. ಕಂಬಳಿ ನಮ್ಮನ್ನು ಕಾಯಿಸಿತು, ಗೋಡೆಯನ್ನು ಕಾಯಿಸುವವರು ಯಾರೂ ಇರಲಿಲ್ಲ. ರಾಚ್‌ಡೇಲ್‌ನ ಎರಡು ವರ್ಷದ ಮಗುವೊಂದು ಮನೆಯ ಬೂಷ್ಟಿನಿಂದಲೇ ಸತ್ತಿತೆಂದು ಹಿಂದಿನ ನವೆಂಬರಿನಲ್ಲಷ್ಟೇ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಕರೋನರ್, ಹೇಳಿದ್ದರು, ವಾರಗಟ್ಟಲೆ ಸುದ್ದಿಯಾಗಿತ್ತು. ಓದಿ ಮರುಗಿದ್ದೆವು, ನಮ್ಮ ಮನೆಯ ಬೀರುವಿನ ಹಿಂದೆ ಇಣುಕಿರಲಿಲ್ಲ.

ಮಾಲೀಕರಿಗೆ ಫೋಟೋ ಕಳುಹಿಸಿದೆ. ಕಿಟಕಿ ತೆರೆಯಿರಿ ಎಂದು ಒಂದು ಸಾಲಿನ ಉತ್ತರ ಬಂತು. ಸಿಟ್ಟು ಬಂದರೂ ಅದರಲ್ಲಿ ಅರ್ಧ ನಿಜವಿದೆ: ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರು ಕಡಿಮೆ, ಬೆಳಿಗ್ಗೆ ಹತ್ತು ನಿಮಿಷ ಎದುರುಬದುರು ಕಿಟಕಿ ತೆರೆದರೆ ಒಳಗಿನ ಆವಿ ಹೋಗುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಸಿದ್ದು ಅಮ್ಮ. ಥರ್ಮೋಸ್ಟಾಟ್ ಮತ್ತೆ 18ಕ್ಕೆ ಹೋಯಿತು. ಅದಕ್ಕೆ ಬದಲಾಗಿ ಬಾಯ್ಲರಿನಿಂದ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು 75ರಿಂದ 58ಕ್ಕೆ ಇಳಿಸಿದೆ. ಮರಳಿ ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೇನೇ ಈ ಕಾಲದ ಬಾಯ್ಲರುಗಳು ಹೊಗೆಯಲ್ಲಿ ಪೋಲಾಗುವ ಶಾಖವನ್ನು ಹಿಡಿಯುವುದು. ಕಾಸು ಖರ್ಚಿಲ್ಲದ ಕೆಲಸ, ಕಂಬಳಿಗಿಂತ ಮೊದಲು ಇದನ್ನೇ ಮಾಡಬೇಕಿತ್ತು. ಜೊತೆಗೆ ಗಾಳಿಯ ತೇವ ಹೀರುವ ಯಂತ್ರವೊಂದನ್ನು 150 ಪೌಂಡಿಗೆ ತಂದೆವು.

ಮೂರು ಚಳಿಗಾಲದ ಲೆಕ್ಕ ಹೀಗಿದೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ನಾವು ಸುಡುತ್ತಿದ್ದ ಗ್ಯಾಸು 9,800 ಯೂನಿಟ್. ಕಂಬಳಿ ಬಂದ ವರ್ಷ 7,000, ಬುದ್ಧಿ ಬಂದ ಮೇಲೆ 7,900 ಮತ್ತು 7,700. ಗ್ಯಾಸಿನ ದರವೂ ಇಳಿಯುತ್ತಾ 6.3 ಪೆನ್ಸಿಗೆ ಬಂದದ್ದರಿಂದ ಉಳಿತಾಯವೂ ಇಳಿಯಿತು. ಒಟ್ಟು ಸುಮಾರು 550 ಪೌಂಡ್. ಆ ಮೊದಲ ವರ್ಷ ಸರ್ಕಾರ ಎಲ್ಲ ಮನೆಗಳಿಗೂ ಕೊಟ್ಟ 400 ಪೌಂಡನ್ನು ಇದರಲ್ಲಿ ಸೇರಿಸಿಲ್ಲ. ಕಂಬಳಿ, ತೇವ ಹೀರುವ ಯಂತ್ರ, ಎರಡರ ಕರೆಂಟು ಸೇರಿ 360 ಹೋಯಿತು. ಉಳಿದದ್ದು 190. ಅದರಲ್ಲಿ ಬಾಯ್ಲರಿನ ಪಾಲೂ ಇದೆ. ಸೀರೆಯನ್ನು ಅಮ್ಮ ಶಿವಮೊಗ್ಗಕ್ಕೆ ಒಯ್ದು ಡ್ರೈಕ್ಲೀನ್ ಮಾಡಿಸಿದಳು, ಜರಿಯ ಕಲೆ ಹೋಗಲಿಲ್ಲ. ಅದರ ಲೆಕ್ಕ ಬರೆದಿಲ್ಲ.

ಉಳಿದ ದೂರುಗಳು ಸಣ್ಣವು. ಎರಡನೇ ಚಳಿಗಾಲದ ನಡುವೆ ಗುಂಡಿಯ ಪೆಟ್ಟಿಗೆ ಸತ್ತಿತು. ಮೂರು ವರ್ಷದ ವಾರಂಟಿ ಇದ್ದರೂ ರಸೀದಿ, ಫೋಟೋ, ಮತ್ತೆ ರಸೀದಿ ಎಂದು ಮೂರು ವಾರ ಅಲೆಸಿ ಹೊಸದನ್ನು ಕಳುಹಿಸಿದರು, ರಸೀದಿಯನ್ನು ಜೋಪಾನವಾಗಿಡಿ. ತಂತಿ ಗಿಡ್ಡ. ಪಾದದ ಕಡೆ ಒಂದು ಸಾಲು ತಂತಿ ಈಗ ಮೊದಲಿನಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಈ ಚಳಿಗಾಲವೇ ಇದರ ಕೊನೆಯದು. ಬೇಸಿಗೆಯಲ್ಲಿ ಮಡಚಿ ಅದರ ಮೇಲೆ ಪೆಟ್ಟಿಗೆ ಹೇರಿದ್ದು ನಮ್ಮದೇ ತಪ್ಪು. ಸಡಿಲವಾಗಿ ಸುರುಳಿ ಸುತ್ತಿಡಬೇಕಿತ್ತು. ಬಿಸಿನೀರಿನ ರಬ್ಬರ್ ಚೀಲವನ್ನು ಇದರ ಜೊತೆ ಬಳಸಲೇಬಾರದು. ಅಂದಹಾಗೆ ಆ ಚೀಲಗಳ ಕುತ್ತಿಗೆಯ ಬಳಿ ಹೂವಿನಂತೊಂದು ಗುರುತಿರುತ್ತದೆ, ನಡುವಿನ ಅಂಕಿ ತಯಾರಾದ ವರ್ಷ. ನಮ್ಮದರಲ್ಲಿ 14, ಅಂದರೆ 2014 ಎಂದಿತ್ತು, ಅಷ್ಟು ಹಳೆಯದೆಂದು ಅಂದೇ ಬಿಸಾಡಿದೆ.

ಐದರಲ್ಲಿ ಮೂರೂವರೆ. ಹಗಲು ಒಬ್ಬರೇ ಮನೆಯಲ್ಲಿದ್ದು ಕೆಲಸ ಮಾಡುವವರು, ಸಂಜೆ ಕೂತು ಓದುವವರು ಕೊಳ್ಳಬಹುದು, ಮನೆಯನ್ನು 18ಕ್ಕಿಂತ ಕೆಳಗೆ ಇಳಿಸುವುದಿಲ್ಲವಾದರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ, ಎಳೆ ಮಕ್ಕಳಿಗೆ ಖಂಡಿತ ಬೇಡ. ಅಮ್ಮ 2023ರ ಏಪ್ರಿಲಿನಲ್ಲಿ ಹೊರಟಾಗ ನಿನಗೂ ಒಂದು ಕೊಡಿಸಲೇ ಎಂದು ಕೇಳಿದ್ದೆ. "ಮಳೆ ಹಿಡಿದರೆ ನಮ್ಮೂರಿನಲ್ಲಿ ಕರೆಂಟು ಎಲ್ಲಿರುತ್ತದೆ?" ಎಂದು ನಕ್ಕಳು. ಚಳ್ಳಕೆರೆಯ ಕಂಬಳಿಯನ್ನು ಇಲ್ಲಿಯೇ ಬಿಟ್ಟು ಹೋದಳು, ಅದು ಈಗ ಮಗಳ ಹಾಸಿಗೆಯ ಮೇಲಿದೆ. ಚುಚ್ಚುತ್ತದೆ ಎಂದು ದಿನವೂ ದೂರುತ್ತಾಳೆ, ತೆಗೆಯಲು ಹೋದರೆ ಕೊಡುವುದಿಲ್ಲ.